ಚೆಸ್ ಟೂರ್ನಿ: ಮೊದಲ ಸುತ್ತಿಗೆ ಮುನ್ನ ಕೇಳಬೇಕಾದ್ದು

ರಜೆ ಬಂತೆಂದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಮಕ್ಕಳ ಚೆಸ್ ಟೂರ್ನಿಗಳ ಮಾತು. ನಮ್ಮ ಬ್ಯಾರಿ ಮನೆಗಳ ಮಕ್ಕಳೂ ಬೋರ್ಡು ಹಿಡಿದು ಹೊರಡುತ್ತಾರೆ. ಸಂಜೆ ಬಹುಮಾನ ಕೊಡುವ ಹೊತ್ತಿಗೆ ಪೋಷಕರ ಬಾಯಲ್ಲಿ ಎರಡು ದೂರುಗಳು. “ಮೊದಲ ಸುತ್ತಲ್ಲೇ ನಮ್ಮ ಮಗುವಿಗೆ ಅಷ್ಟು ದೊಡ್ಡ ಆಟಗಾರನನ್ನು ಕೊಟ್ಟದ್ದು ಎಂತಕೆ?” “ಇಬ್ಬರದ್ದೂ ಪಾಯಿಂಟ್ ಒಂದೇ, ಟ್ರೋಫಿ ಮಾತ್ರ ಅವನಿಗೆ. ಇದು ಎಂಥ ನ್ಯಾಯ ಮಾರಾಯ್ರೆ?” ಸಂಘಟಕರ ಉತ್ತರವೂ ಒಂದೇ: “ಕಂಪ್ಯೂಟರ್ ಹಾಗೆ ಹಾಕಿದೆ.”

ಈ ಉತ್ತರ ಅರ್ಧ ಮಾತ್ರ ನಿಜ. ಮೊದಲ ಸುತ್ತಿಗೆ ಮುನ್ನ ನಾವು ಏನು ತುಂಬುತ್ತೇವೋ ಅದರಂತೆ ಕಂಪ್ಯೂಟರ್ ಜೋಡಿ ಹಾಕುತ್ತದೆ.

ಜೋಡಿ ಹಾಕುವ ಲೆಕ್ಕ

40 ಮಕ್ಕಳು ಎಲ್ಲರೂ ಎಲ್ಲರ ಜೊತೆ ಆಡಬೇಕಾದರೆ 39 ಸುತ್ತು ಬೇಕು. ಅದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಸ್ವಿಸ್ ಪದ್ಧತಿ ಬಂತು. 1895ರಲ್ಲಿ ಜ್ಯೂರಿಕ್‌ನಲ್ಲಿ ಅದನ್ನು ಮೊದಲು ಬಳಸಿದರು. ಯಾರೂ ಹೊರಬೀಳುವುದಿಲ್ಲ, ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ, ಸಮಾನ ಪಾಯಿಂಟ್ ಇದ್ದವರು ಆದಷ್ಟು ಪರಸ್ಪರ ಆಡುತ್ತಾರೆ. ಮೊದಲ ಸುತ್ತಲ್ಲಿ ಪಟ್ಟಿಯನ್ನು ಎರಡು ಪಾಲು ಮಾಡಿ 1ನೇಯವನಿಗೆ 21ನೇಯವನು, 2ನೇಯವನಿಗೆ 22ನೇಯವನು ಎಂದು ಜೋಡಿ ಬೀಳುತ್ತದೆ. ಹೊಸ ಮಗುವಿಗೆ ದೊಡ್ಡ ಆಟಗಾರ ಸಿಗುವುದು ಹೀಗೆ, ಯಾರ ದ್ವೇಷದಿಂದಲೂ ಅಲ್ಲ.

ಆಸ್ಟ್ರಿಯಾದ ಹೈನ್ಸ್ ಹೆರ್ಜೋಗ್ ತಯಾರಿಸಿದ ‘ಸ್ವಿಸ್ ಮ್ಯಾನೇಜರ್’ನಂಥ ತಂತ್ರಾಂಶ ಈ ಲೆಕ್ಕವನ್ನು ಕ್ಷಣದಲ್ಲಿ ಮುಗಿಸುತ್ತದೆ. ಆದರೆ ಪಟ್ಟಿಯ ಕ್ರಮ ರೇಟಿಂಗ್ ಮೇಲೆ ನಿಂತಿದೆ. ಯಾರಿಗೂ ರೇಟಿಂಗ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರದ ಕ್ರಮ ಬರುತ್ತದೆ. ಅಬ್ದುಲ್ ಮೇಲೆ, ಝೈನಬ್ ಕೆಳಗೆ! ಹೀಗಾಗಬಾರದು ಎಂದಿದ್ದರೆ ಚೀಟಿ ಎತ್ತಿ ಕ್ರಮ ಮಾಡುತ್ತೇವೆಂದು ಸಂಘಟಕರು ಮೊದಲೇ ಸಾರಬೇಕು.

ಒಂದೇ ಹೆಸರು ಹತ್ತು ಜನಕ್ಕೆ

ನಮ್ಮಲ್ಲಿ ಮುಹಮ್ಮದ್, ಅಹ್ಮದ್, ಫಾತಿಮಾ ಇಲ್ಲದ ಮನೆ ಉಂಟೇ? ಮುಹಮ್ಮದ್ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆಯುತ್ತೇವೆ. ಹೆಸರು ನೋಡಿ ರೇಟಿಂಗ್ ಪಟ್ಟಿಯಿಂದ ಆರಿಸಿದರೆ ಇನ್ಯಾರದೋ ರೇಟಿಂಗ್ ನಮ್ಮ ಮಗುವಿನ ತಲೆಗೆ ಬರಬಹುದು. ಹಾಗಾಗಿ ಫಿಡೆ ಗುರುತಿನ ಸಂಖ್ಯೆ ಇದ್ದರೆ ಅದನ್ನೇ ಕೊಡಿ. ಹೆಸರನ್ನು ಜನನ ಪ್ರಮಾಣಪತ್ರದಲ್ಲಿ ಇದ್ದಂತೆ ಬರೆಸಿ, ಊರನ್ನೂ ಸೇರಿಸಿ. ಹುಟ್ಟಿದ ದಿನ ತಪ್ಪಾದರೆ ವಯೋಮಿತಿಯ ಬಹುಮಾನವೇ ಕೈತಪ್ಪುತ್ತದೆ. ಫಿಡೆ ಕ್ರಮದಲ್ಲಿ ಆ ವರ್ಷದ ಜನವರಿ 1ರ ಮೊದಲು 11 ತುಂಬದ ಮಗು 11ರ ಒಳಗಿನ ವಿಭಾಗಕ್ಕೆ ಸೇರುತ್ತದೆ.

ಪಾಯಿಂಟ್ ಸಮ, ಟ್ರೋಫಿ ಯಾರಿಗೆ?

ಇಲ್ಲಿಯೇ ಹೆಚ್ಚು ಕಣ್ಣೀರು. ಆರು ಸುತ್ತಿನ ಟೂರ್ನಿಯಲ್ಲಿ ಇಬ್ಬರು ಮಕ್ಕಳಿಗೆ ತಲಾ 5 ಪಾಯಿಂಟ್ ಎನ್ನೋಣ. ಬುಖೋಲ್ಜ್ ಎಂದರೆ ನಾವು ಎದುರಿಸಿದವರೆಲ್ಲ ಗಳಿಸಿದ ಪಾಯಿಂಟ್‌ಗಳ ಮೊತ್ತ. ಒಬ್ಬನದು 21, ಇನ್ನೊಬ್ಬಳದು 22. ಟ್ರೋಫಿ ಅವಳಿಗೆ. ಈಗ ‘ಬುಖೋಲ್ಜ್ ಕಟ್ 1’ ಆರಿಸಿ. ಅದರಲ್ಲಿ ಅತಿ ಕಡಿಮೆ ಗಳಿಸಿದ ಎದುರಾಳಿಯ ಪಾಯಿಂಟ್ ಬಿಡುತ್ತಾರೆ. ಅವನ ಎದುರಾಳಿಗಳಲ್ಲಿ ಕನಿಷ್ಠ 1, ಅವಳದ್ದರಲ್ಲಿ ಕನಿಷ್ಠ 3 ಆಗಿದ್ದರೆ ಅವನಿಗೆ 20, ಅವಳಿಗೆ 19. ಟ್ರೋಫಿ ಅವನಿಗೆ! ಆಟ ಅದೇ, ಫಲಿತಾಂಶ ಅದೇ, ಬದಲಾದದ್ದು ಒಂದು ಆಯ್ಕೆ ಮಾತ್ರ. ಕೊನೆಯ ಸುತ್ತು ಮುಗಿದ ಮೇಲೆ ಇದನ್ನು ಆರಿಸಿದರೆ ಅನುಮಾನ ಬಾರದಿರುತ್ತದೆಯೇ? ಟೈಬ್ರೇಕ್ ಕ್ರಮ ಕರಪತ್ರದಲ್ಲೇ ಇರಬೇಕು.

ಜುಮಾ ಮತ್ತು ಬಸ್ಸು

ಹಲವು ದಿನಗಳ ಟೂರ್ನಿಯಲ್ಲಿ ಶುಕ್ರವಾರ ಬಂದರೆ ಸುತ್ತಿನ ವೇಳೆಯನ್ನು ಮೊದಲೇ ಕೇಳಿ. ಜುಮಾ ನಮಾಝ್‌ಗೆ ಬಿಡುವು ಇಟ್ಟು ವೇಳಾಪಟ್ಟಿ ಮಾಡುವುದು ಕಷ್ಟವೇನಲ್ಲ. ಆಗದಿದ್ದರೆ, ನಿಯಮದಲ್ಲಿ ಅವಕಾಶವಿದ್ದರೆ ಅರ್ಧ ಪಾಯಿಂಟಿನ ‘ಬೈ’ ಕೇಳಬಹುದು. ಆದರೆ ಅದನ್ನು ಜೋಡಿ ಹಾಕುವ ಮೊದಲೇ ಆರ್ಬಿಟರ್‌ಗೆ ಹೇಳಿ ಬರೆಸಬೇಕು.

ಕಾರ್ಕಳದ ಬಸ್ಸಿಗೆ ಹೊತ್ತಾಯಿತೆಂದು ಹೇಳದೆ ಹೊರಟುಬಿಟ್ಟರೆ ಎದುರಾಳಿ ಮಗು ಒಂಟಿಯಾಗಿ ಕಾಯುತ್ತಾ ಕೂರುತ್ತದೆ. ಪಾಯಿಂಟ್ ಸಿಗುತ್ತದೆ, ಆಟ ಸಿಗುವುದಿಲ್ಲ, ರೇಟಿಂಗ್‌ಗೂ ಲೆಕ್ಕವಿಲ್ಲ. ಹೊರಡುವ ಮಾತು ಒಂದು ಸುತ್ತು ಮೊದಲೇ ಹೇಳಿಬಿಡಿ.

ಪ್ರತಿ ಸುತ್ತಿನ ಬಳಿಕ ಗೋಡೆಗೆ ಅಂಟಿಸಿದ ಫಲಿತಾಂಶವನ್ನೂ ನೋಡಿ. ಗೆದ್ದವನ ಹೆಸರಿಗೆ ಸೊನ್ನೆ ಬಿದ್ದಿದ್ದರೆ ಮುಂದಿನ ಜೋಡಿ ಹಾಕುವ ಮುನ್ನ ತಿದ್ದುವುದು ಸುಲಭ, ಆಮೇಲೆ ಕಷ್ಟ. ಸಂಘಟಕರು ಪ್ರತಿ ಸುತ್ತಿಗೂ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಲಿ. ನಮ್ಮೂರಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವುದು ಹೇಗೆ?

ಪ್ರವೇಶ ಶುಲ್ಕ ಕಟ್ಟುವಾಗ ಊಟ ಉಂಟಾ ಎಂದು ಕೇಳುವ ನಾವು ಇನ್ನು ಮೂರು ಮಾತು ಕೇಳೋಣ: ಎಷ್ಟು ಸುತ್ತು, ಟೈಬ್ರೇಕ್ ಕ್ರಮ ಯಾವುದು, ಬೈ ನಿಯಮ ಏನು. ಉತ್ತರ ಗೋಡೆಯ ಮೇಲಿದ್ದರೆ, ಸೋತ ಮಗುವೂ ಕಾರಣ ತಿಳಿದು ಮನೆಗೆ ಬರುತ್ತದೆ.