ಯಲಹಂಕದಲ್ಲಿ ಹೊಂದಿಸಿದ ಎಂಜಿನ್ ಮಲ್ಪೆಯಲ್ಲಿ ಕೆಡುವುದೇಕೆ?

ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರ ಭಾಗಗಳ ಸಣ್ಣ ಉದ್ಯಮಗಳಲ್ಲಿ ಎಂಜಿನ್ ದುರಸ್ತಿ, ಲೇತ್ ಕೆಲಸ ಮತ್ತು ಬಿಡಿಭಾಗಗಳ ತಯಾರಿಕೆಗೆ ದೀರ್ಘಕಾಲದ ಪರಂಪರೆಯಿದೆ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆಯ ಸ್ಪಾರ್ಕ್ ಪ್ಲಗ್‌ಗಳು ಹಾಗೂ ಯಲಹಂಕದ ಗೋಯೆಟ್ಜೆ ಕಾರ್ಖಾನೆಯ ಪಿಸ್ಟನ್ ಮತ್ತು ರಿಂಗ್‌ಗಳು ಈ ಪರಂಪರೆಗೆ ಪರಿಚಿತ ಉದಾಹರಣೆಗಳು. ಆದರೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಫ್ಯುಯಲ್ ಇಂಜೆಕ್ಷನ್ ಆಕ್ರಮಿಸಿತು. ಕಾರ್ಬ್ಯುರೇಟರ್ ಬಲ್ಲ ಕುಶಲಕರ್ಮಿಗಳಿಗೆ ಇಂದು ಉಳಿದಿರುವುದು ಹಳೆಯ ವಾಹನಗಳು, ಪೆಟ್ರೋಲ್ ಜನರೇಟರುಗಳು ಮತ್ತು ದೋಣಿಗಳ ಎಂಜಿನ್‌ಗಳು. ಇವುಗಳಲ್ಲಿ ಅತ್ಯಂತ ಹೆಚ್ಚಿನ ಎಚ್ಚರಿಕೆಯನ್ನು ಬಯಸುವುದು ಸೂಪರ್‌ಚಾರ್ಜರ್ ಅಳವಡಿಸಿದ ದೋಣಿ ಎಂಜಿನ್. ಅದರ ಹೊಂದಾಣಿಕೆಯಲ್ಲಿ ಆಗುವ ಸಣ್ಣ ತಪ್ಪು ಒಂದು ಇಡೀ ಎಂಜಿನ್ನಿನ ಬೆಲೆಯಷ್ಟು ನಷ್ಟ ತರಬಲ್ಲದು.

ಹಳೆಯ ವಿದ್ಯೆ, ಹೊಸದೇನಲ್ಲ

ನೀರಿನ ಮೇಲೆ ಸಾಗುವ ಸೂಪರ್‌ಚಾರ್ಜ್ಡ್ ಎಂಜಿನ್ ಬೆಂಗಳೂರಿಗೆ ಅಪರಿಚಿತವಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದೊಡನೆ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಕೆಲಸ ಮಾಡಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳ ದುರಸ್ತಿ ಅಲ್ಲಿ ನಡೆಯುತ್ತಿತ್ತು. ಆ ವಿಮಾನದ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನಿಗೆ 14 ಸಿಲಿಂಡರುಗಳು, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳು, ಜೊತೆಗೆ ಗಿಯರ್ ಮೂಲಕ ತಿರುಗುವ ಒಂದು ಸೂಪರ್‌ಚಾರ್ಜರ್ ಇದ್ದವು. ಮುಂದೆ 1958ರಲ್ಲಿ ಮೊದಲ ಬಾರಿಗೆ ಹಾರಿದ ಪುಷ್ಪಕ್ ತರಬೇತಿ ವಿಮಾನದಲ್ಲಿ 90 ಅಶ್ವಶಕ್ತಿಯ, ಕಾರ್ಬ್ಯುರೇಟರ್ ಉಳ್ಳ ಕಾಂಟಿನೆಂಟಲ್ ಎಂಜಿನ್ ಬಳಕೆಯಾಯಿತು.

ಹೆಬ್ಬಾಳ ಮತ್ತು ಯಲಹಂಕಗಳ ನಡುವಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ವಿದ್ಯಾರ್ಥಿಗಳಿಗೆ ಮೊದಮೊದಲು ತಿಳಿಸುವ ವಿಷಯಗಳಲ್ಲಿ ಒಂದು, ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಆಗ ಮಿಶ್ರಣದ ಸನ್ನೆಯನ್ನು ಎಳೆದು ಇಂಧನವನ್ನು ತಗ್ಗಿಸಬೇಕು ಎಂಬುದು. ದೋಣಿಯ ಎಂಜಿನ್ನಿನಲ್ಲಿ ಅಂತಹ ಸನ್ನೆ ಇಲ್ಲ. ಆ ಕೆಲಸವನ್ನು ಕಾರ್ಯಾಗಾರದಲ್ಲಿ ಮೆಕ್ಯಾನಿಕ್ ಜೆಟ್ ಬದಲಿಸಿ ಮಾಡಬೇಕಾಗುತ್ತದೆ.

ಎತ್ತರದ ಲೆಕ್ಕ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು. ಬೆಂಗಳೂರಿನಲ್ಲಿ ಅದು ಸುಮಾರು 13.2 ಪೌಂಡು, ಅಂದರೆ ಶೇಕಡಾ 10ರಷ್ಟು ಕಡಿಮೆ. ಗಾಳಿಯ ಸಾಂದ್ರತೆಯೂ ಶೇಕಡಾ 9ರ ಆಸುಪಾಸಿನಲ್ಲಿ ಕಡಿಮೆ ಇರುತ್ತದೆ.

ಕಾರ್ಬ್ಯುರೇಟರ್ ಗಾಳಿಯನ್ನು ತೂಗುವ ಯಂತ್ರವಲ್ಲ. ಅದರ ಕಿರಿದಾದ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿಯುವಾಗ ಉಂಟಾಗುವ ಒತ್ತಡದ ಇಳಿಕೆಯು ಜೆಟ್‌ನ ಮೂಲಕ ಇಂಧನವನ್ನು ಎಳೆಯುತ್ತದೆ. ಗಾಳಿ ದಟ್ಟವಾದಾಗ ಇಂಧನವೂ ಹೆಚ್ಚುತ್ತದೆ, ಆದರೆ ಗಾಳಿ ಹೆಚ್ಚಿದ ಪ್ರಮಾಣದಲ್ಲಿ ಅಲ್ಲ, ಸುಮಾರು ಅದರ ಅರ್ಧದಷ್ಟು ಮಾತ್ರ. ಆದ್ದರಿಂದ ಯಲಹಂಕದಲ್ಲಿ ಸರಿಯಾಗಿ ಹೊಂದಿಸಿದ ಎಂಜಿನ್ ಶಿರಾಡಿ ಘಾಟಿ ಇಳಿದು ಮಲ್ಪೆಯನ್ನೋ ಕಾರವಾರವನ್ನೋ ಸೇರಿದಾಗ ಅದರ ಮಿಶ್ರಣ ಸುಮಾರು ಶೇಕಡಾ 5ರಷ್ಟು ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ದೊರೆಯುವುದಿಲ್ಲ. ಇಲ್ಲಿ 1 ಪಾಲು ಇಂಧನಕ್ಕೆ 12 ಪಾಲು ಗಾಳಿಯಿದ್ದ ಮಿಶ್ರಣ ಅಲ್ಲಿ 12.6ಕ್ಕೆ ಏರುತ್ತದೆ.

ಸಾಮಾನ್ಯ ಎಂಜಿನ್ ಇದನ್ನು ಸಹಿಸಿಕೊಳ್ಳಬಹುದು. ಸೂಪರ್‌ಚಾರ್ಜರ್ ಇದ್ದಾಗ ಮಾತ್ರ ಸ್ಥಿತಿ ಬೇರೆ. ಬೆಲ್ಟಿನಿಂದ ತಿರುಗುವ ಬ್ಲೋಯರ್ ಒಳಬರುವ ಗಾಳಿಯ ಒತ್ತಡವನ್ನು ಹೆಚ್ಚು ಕಡಿಮೆ ಒಂದೇ ಅನುಪಾತದಲ್ಲಿ ಹೆಚ್ಚಿಸುತ್ತದೆ. ಆ ಅನುಪಾತ 1.4 ಎಂದು ಭಾವಿಸಿದರೆ ಸಿಲಿಂಡರಿಗೆ ಹೋಗುವ ಒತ್ತಡ ಬೆಂಗಳೂರಿನಲ್ಲಿ 18.5 ಪೌಂಡು, ಮಲ್ಪೆಯಲ್ಲಿ 20.6 ಪೌಂಡು. ಊರುಗಳ ನಡುವಿನ 1.5 ಪೌಂಡಿನ ವ್ಯತ್ಯಾಸವು ಎಂಜಿನ್ನಿನೊಳಗೆ 2.1 ಪೌಂಡಾಗುತ್ತದೆ. ಒತ್ತಡ ಹೆಚ್ಚಿ, ಇಂಧನದ ಪಾಲು ಕುಗ್ಗಿ, ಜೊತೆಗೆ ಟೈಮಿಂಗ್ ಬೆಂಗಳೂರಿನ ಗಾಳಿಗೆ ತಕ್ಕಂತೆಯೇ ಉಳಿದಿದ್ದರೆ ಡಿಟೊನೇಷನ್ ಉಂಟಾಗುತ್ತದೆ. ಮಿಶ್ರಣವು ಕ್ರಮವಾಗಿ ಉರಿಯುವ ಬದಲು ಒಮ್ಮೆಲೇ ಸ್ಫೋಟಿಸಿ ಪಿಸ್ಟನ್ನಿನ ತಲೆಯಲ್ಲಿ ರಂಧ್ರ ಮಾಡುತ್ತದೆ, ಇಲ್ಲವೇ ರಿಂಗ್ ಕೂರುವ ಅಂಚುಗಳನ್ನು ಒಡೆಯುತ್ತದೆ.

ದೋಣಿಗೆ ಇಳಿಜಾರಿಲ್ಲ

ಕಾರಿನ ಎಂಜಿನ್ನಿಗೆ ಏರಿನ ನಂತರ ಇಳಿಜಾರು ಬರುತ್ತದೆ, ಸಿಗ್ನಲ್ಲಿನಲ್ಲಿ ವಿಶ್ರಾಂತಿಯೂ ದೊರೆಯುತ್ತದೆ. ದೋಣಿಯ ಎಂಜಿನ್ ನೀರನ್ನು ಸದಾ ತಳ್ಳುತ್ತಲೇ ಇರಬೇಕು. ಪ್ರೊಪೆಲ್ಲರಿಗೆ ಬೇಕಾದ ಶಕ್ತಿ ಅದರ ವೇಗದ ಘನದಷ್ಟು ಏರುತ್ತದೆ. ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಈ ಕಾರಣದಿಂದ ಕಾರ್ಯಾಗಾರದಲ್ಲಿ ಭಾರವಿಲ್ಲದೆ ಓಡಿಸಿ ‘ಎಂಜಿನ್ ಸರಿಯಾಗಿದೆ’ ಎಂದು ಪ್ರಮಾಣೀಕರಿಸುವುದು ಸಾಲದು. ತಂಪು ನೀರಿನ ಸಂಪರ್ಕ ನೀಡದೆ ಎಂಜಿನ್ನನ್ನು ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಕೆಲವೇ ಕ್ಷಣಗಳಲ್ಲಿ ಹಾಳಾಗುವ ಸಂಭವವೂ ಇದೆ.

ಹೊಂದಾಣಿಕೆಯ ಕ್ರಮ

ಅನುಭವಿ ಮೆಕ್ಯಾನಿಕ್‌ಗಳು ಅನುಸರಿಸುವ ಕ್ರಮ ಸರಳವಾದುದು: ಮೊದಲು ಎಂಜಿನ್ನಿನ ಆರೋಗ್ಯ, ಬಳಿಕ ಇಗ್ನಿಷನ್, ಕೊನೆಗೆ ಕಾರ್ಬ್ಯುರೇಟರ್. ಕಂಪ್ರೆಷನ್ ಅಳತೆ, ಗ್ಯಾಸ್ಕೆಟ್ ಸೋರಿಕೆ, ಫ್ಲೋಟ್ ಮಟ್ಟ ಮತ್ತು ಪಂಪಿನ ಒತ್ತಡಗಳನ್ನು ಪರೀಕ್ಷಿಸದೆ ಜೆಟ್ ಬದಲಿಸುವುದು ರೋಗ ತಿಳಿಯದೆ ಮದ್ದು ಕೊಟ್ಟಂತೆ.

ಟೈಮಿಂಗ್ ಲೈಟ್ ಹಿಡಿಯುವ ಮುನ್ನ ಒಂದನೆಯ ಸಿಲಿಂಡರಿನ ಪಿಸ್ಟನ್ ನಿಜವಾಗಿಯೂ ಮೇಲ್ತುದಿಯಲ್ಲಿದ್ದಾಗ ಪುಲ್ಲಿಯ ಗುರುತು ಸೊನ್ನೆಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಎಂಜಿನ್‌ಗಳಲ್ಲಿ ಪುಲ್ಲಿಯ ಹೊರ ಉಂಗುರ ಜಾರಿ ಗುರುತು ತಪ್ಪಿರುವುದುಂಟು. ಸೂಪರ್‌ಚಾರ್ಜರ್ ಇಲ್ಲದ ವಿ-8 ಪೆಟ್ರೋಲ್ ಎಂಜಿನ್ನಿನಲ್ಲಿ ಒಟ್ಟು ಅಡ್ವಾನ್ಸ್ 34 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಬ್ಲೋಯರಿನ ಪ್ರತಿ ಪೌಂಡು ಹೆಚ್ಚುವರಿ ಒತ್ತಡಕ್ಕೆ ಸುಮಾರು 1 ಡಿಗ್ರಿ ಕಡಿತಗೊಳಿಸುವುದು ರೂಢಿ. 6 ಪೌಂಡಿಗೆ 28 ಡಿಗ್ರಿಯಿಂದ ಆರಂಭಿಸಬಹುದು. ಇದು ಆರಂಭದ ಅಂದಾಜು ಮಾತ್ರ. ತಯಾರಕರ ಕೋಷ್ಟಕವಿದ್ದಲ್ಲಿ ಅದೇ ಅಂತಿಮ. ಬೆಂಗಳೂರಿನಿಂದ ಕರಾವಳಿಗೆ ಹೋಗುವ ಎಂಜಿನ್ನಿಗೆ ಇದೇ ಲೆಕ್ಕದಲ್ಲಿ ಇನ್ನೂ 2 ಡಿಗ್ರಿ ಹಿಂದೆ ಸರಿಸುವುದು ಸುರಕ್ಷಿತ. ಹೆಚ್ಚು ತಂಪಾಗಿ ಕೆಲಸ ಮಾಡುವ ಬಗೆಯ ಸ್ಪಾರ್ಕ್ ಪ್ಲಗ್ ಹಾಗೂ ಸ್ವಲ್ಪ ಕಿರಿದಾದ ಗ್ಯಾಪ್ ಕೂಡ ಅಗತ್ಯ.

ಕಾರ್ಬ್ಯುರೇಟರಿನ ಹೊಂದಾಣಿಕೆಯು ಬೇಕೆಂದೇ ರಿಚ್ ಆದ, ಅಂದರೆ ಇಂಧನ ಹೆಚ್ಚಿರುವ ಮಿಶ್ರಣದಿಂದ ಆರಂಭವಾಗಬೇಕು. ಪೂರ್ಣ ಭಾರದಲ್ಲಿ 11.5ರಿಂದ 12ರವರೆಗಿನ ಅನುಪಾತ ಸಾಮಾನ್ಯ ಗುರಿ. ಎರಡು ಕಾರ್ಬ್ಯುರೇಟರ್‌ಗಳಿದ್ದಲ್ಲಿ ಎರಡೂ ಸಮನಾಗಿ ತೆರೆಯುವಂತೆ ಮೊದಲು ಹೊಂದಿಸಬೇಕು. ಕಾರ್ಬ್ಯುರೇಟರ್ ಬ್ಲೋಯರಿನ ಮೇಲೆ ಕುಳಿತಿರುವ ವಿನ್ಯಾಸದಲ್ಲಿ ಅನೇಕರು ಕಡೆಗಣಿಸುವ ಅಂಶವೊಂದಿದೆ. ಭಾರ ಹೆಚ್ಚಿದಾಗ ಹೆಚ್ಚುವರಿ ಇಂಧನ ನೀಡುವ ಪವರ್ ವಾಲ್ವ್ ತನ್ನ ಕೆಳಗಿನ ನಿರ್ವಾತವನ್ನು ನೋಡಿ ತೆರೆಯುತ್ತದೆ. ಬ್ಲೋಯರ್ ಗಾಳಿಯನ್ನು ಎಳೆಯುತ್ತಿರುವಾಗ ಅಲ್ಲಿ ನಿರ್ವಾತ ಉಳಿದೇ ಇರುತ್ತದೆ. ಸಿಲಿಂಡರಿನತ್ತ ಒತ್ತಡ ಏರಿದ್ದರೂ ವಾಲ್ವ್ ಮುಚ್ಚಿಯೇ ಇರುವ ಸಾಧ್ಯತೆಯಿದೆ. ಆದ್ದರಿಂದ ಅದರ ಸಂಪರ್ಕವನ್ನು ಬ್ಲೋಯರಿನ ಕೆಳಗಿನ ಮ್ಯಾನಿಫೋಲ್ಡಿಗೆ ನೀಡಬೇಕು.

ಪೂರ್ಣ ವೇಗದಲ್ಲಿ ಓಡಿಸಿ ಒಮ್ಮೆಲೇ ಎಂಜಿನ್ ನಿಲ್ಲಿಸಿ ಪ್ಲಗ್ ತೆಗೆದು ನೋಡುವುದು ಇಂದಿಗೂ ನಂಬಬಹುದಾದ ಪರೀಕ್ಷೆ. ಮಸಿ ಕಟ್ಟಿದ್ದರೆ ಇಂಧನ ಹೆಚ್ಚು. ಬಿಳಿಚಿ ಗುಳ್ಳೆಯೆದ್ದಿದ್ದರೆ ಇಂಧನ ಕಡಿಮೆ. ಅಲ್ಯೂಮಿನಿಯಂ ಕಣಗಳು ಕಂಡರೆ ಪಿಸ್ಟನ್ ಕರಗಲಾರಂಭಿಸಿದೆ ಎಂದೇ ಅರ್ಥ. ಆಮ್ಲಜನಕ ಸೆನ್ಸರ್ ಬಳಸುವುದಾದರೆ ಎಕ್ಸಾಸ್ಟಿಗೆ ತಂಪು ನೀರು ಸೇರುವ ಜಾಗಕ್ಕಿಂತ ಮುಂಚೆಯೇ ಅದನ್ನು ಕೂರಿಸಬೇಕು, ಇಲ್ಲವಾದರೆ ನೀರು ತಾಗಿ ಅದು ಕೆಡುತ್ತದೆ.

ಕಾರಿನ ಕಾರ್ಬ್ಯುರೇಟರನ್ನು ದೋಣಿಗೆ ಹಾಕುವಂತಿಲ್ಲ ಎಂಬುದನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ದೋಣಿಯ ಕಾರ್ಬ್ಯುರೇಟರಿನಲ್ಲಿ ಉಕ್ಕಿದ ಪೆಟ್ರೋಲ್ ಹೊರಗೆ ಚೆಲ್ಲದೆ ಎಂಜಿನ್ನಿನ ಒಳಕ್ಕೇ ಹೋಗುವಂತೆ ಕೊಳವೆಗಳಿರುತ್ತವೆ. ಗಾಳಿ ಒಳಬರುವ ಬಾಯಿಗೆ ಬೆಂಕಿ ತಡೆಯುವ ಜಾಲರಿ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಬಿಲ್ಲಿನಲ್ಲಿ ಉಳಿಸಿದ ಕೆಲವು ಸಾವಿರ ರೂಪಾಯಿಗಾಗಿ ಜೀವಕ್ಕೆ ಅಪಾಯ ತರುವುದು ವ್ಯಾಪಾರವಲ್ಲ.

ಜೆಟ್ ತಯಾರಕರಿಗೆ ಒಂದು ಮಾತು

ಜೆಟ್‌ನಲ್ಲಿ ಹರಿಯುವ ಇಂಧನ ರಂಧ್ರದ ವಿಸ್ತೀರ್ಣವನ್ನು ಅವಲಂಬಿಸುತ್ತದೆ. 1.80 ಮಿ.ಮೀ. ರಂಧ್ರ 1.85 ಮಿ.ಮೀ. ಆದರೆ ವಿಸ್ತೀರ್ಣ ಶೇಕಡಾ 5.6ರಷ್ಟು ಹೆಚ್ಚುತ್ತದೆ. ಬೆಂಗಳೂರಿನಿಂದ ಸಮುದ್ರ ಮಟ್ಟಕ್ಕೆ ಇಳಿಯುವಾಗ ಬೇಕಾದ ಇಡೀ ತಿದ್ದುಪಡಿ ಈ 0.05 ಮಿ.ಮೀ. ಒಳಗೇ ಇದೆ. ಡ್ರಿಲ್ಲಿಂಗ್‌ನಲ್ಲಿ ಅಷ್ಟು ವ್ಯತ್ಯಾಸವನ್ನು ‘ನಡೆಯುತ್ತದೆ’ ಎಂದು ಬಿಡುವ ಘಟಕದ ಜೆಟ್ ಮೇಲೆ ಮುದ್ರಿಸಿದ ಸಂಖ್ಯೆಗೆ ಬೆಲೆಯಿಲ್ಲ. ಹರಿವನ್ನು ಅಳೆದು ಪರೀಕ್ಷಿಸಿದ ಜೆಟ್‌ಗೆ ಹೆಚ್ಚಿನ ದರ ಕೇಳುವುದು ನ್ಯಾಯವೇ ಆಗಿದೆ.

ಇದರೊಡನೆ ಎಥನಾಲ್‌ನ ವಿಷಯವೂ ಸೇರಿದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಮಿಶ್ರಣ ಶೇಕಡಾ 20ನ್ನು ಮುಟ್ಟಿತು. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು 14.7 ಪಾಲು ಗಾಳಿ ಬೇಕಾದರೆ, ಇ-20 ಇಂಧನಕ್ಕೆ ಸುಮಾರು 13.5 ಪಾಲು ಸಾಕು. ಆದುದರಿಂದ ಹಳೆಯ ಜೆಟ್ ಹಾಗೆಯೇ ಇದ್ದರೆ ಮಿಶ್ರಣ ಮತ್ತಷ್ಟು ಲೀನ್ ಆಗುತ್ತದೆ. ಘಾಟಿ ಇಳಿದ ಶೇಕಡಾ 5ರ ಮೇಲೆ ಇದೂ ಸೇರುತ್ತದೆ. ಎಥನಾಲ್ ನೀರನ್ನು ಹೀರುವ ಗುಣದ್ದಾಗಿರುವುದರಿಂದ ದೋಣಿಯ ಟ್ಯಾಂಕಿನಲ್ಲಿ ಹೆಚ್ಚು ಕಾಲ ಪೆಟ್ರೋಲ್ ಉಳಿಸುವುದೂ, ಹಳೆಯ ರಬ್ಬರ್ ಡಯಾಫ್ರಂಗಳನ್ನು ಮುಂದುವರಿಸುವುದೂ ಸರಿಯಲ್ಲ.

ಖರ್ಚು ಮತ್ತು ಹೊಣೆ

ಇಂಧನ ಹೆಚ್ಚಾಗಿರುವುದೂ ಉಚಿತವಲ್ಲ. ಗಂಟೆಗೆ 100 ಲೀಟರ್ ಕುಡಿಯುವ ಎಂಜಿನ್ ಶೇಕಡಾ 10ರಷ್ಟು ಅನಗತ್ಯ ಇಂಧನ ಬಳಸಿದರೆ, ಲೀಟರಿಗೆ 100 ರೂಪಾಯಿಯಂತೆ ಗಂಟೆಗೆ 1,000 ರೂಪಾಯಿ ನಷ್ಟ. ಪೆಟ್ರೋಲ್ ಜಿ.ಎಸ್.ಟಿ.ಯ ಹೊರಗಿರುವುದರಿಂದ ಅದರ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇಕಡಾ 29.84ಕ್ಕೆ ಏರಿತು. ಪೋಲಾದ ಪ್ರತಿ ಲೀಟರೂ ಪೂರ್ಣ ಖರ್ಚೇ.

ಆದರೆ ದೊಡ್ಡ ಹೊಣೆ ವಾರಂಟಿಯದು. ಎಂಜಿನ್ನನ್ನು ಯಲಹಂಕದಲ್ಲಿ ಹೊಂದಿಸಿ ಆರು ತಿಂಗಳ ವಾರಂಟಿಯೊಡನೆ ಕರಾವಳಿಗೆ ಕಳುಹಿಸಿದ ಘಟಕವು, ಎಲ್ಲಿ ಬಳಸಲಾಗುವುದೆಂದು ಕೇಳಲೇ ಇಲ್ಲವಾದರೆ ಪಿಸ್ಟನ್ ಒಡೆದಾಗ ತನ್ನನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಆದುದರಿಂದ ಜಾಬ್ ಕಾರ್ಡಿನಲ್ಲಿ ಬಳಕೆಯ ಸ್ಥಳ, ಇಂಧನದ ಬಗೆ, ಹಾಕಿದ ಜೆಟ್ ಸಂಖ್ಯೆ, ಆರಂಭಿಕ ಮತ್ತು ಒಟ್ಟು ಟೈಮಿಂಗ್, ಬ್ಲೋಯರ್ ಒತ್ತಡ ಮತ್ತು ಪರೀಕ್ಷೆಯ ದಿನಾಂಕಗಳನ್ನು ಬರೆದು ಗ್ರಾಹಕರ ಸಹಿ ಪಡೆಯಬೇಕು. ಅಂತಿಮ ಹೊಂದಾಣಿಕೆ ನೀರಿನ ಮೇಲೆ ನಡೆದ ನಂತರವೇ ವಾರಂಟಿ ಆರಂಭವಾಗುವುದೆಂಬ ಷರತ್ತನ್ನು ಕೊಟೇಶನ್ನಿನಲ್ಲಿಯೇ ಸೇರಿಸುವುದು ಉಚಿತ. ಮಲ್ಪೆಗೆ ಒಬ್ಬ ಮೆಕ್ಯಾನಿಕ್‌ನನ್ನು ಎರಡು ದಿನ ಕಳುಹಿಸುವ ಖರ್ಚು ಒಂದು ಪಿಸ್ಟನ್ ಸೆಟ್ಟಿನ ಮುಂದೆ ಅಲ್ಪ.

ವಾರಂಟಿಯ ವೆಚ್ಚಕ್ಕೆ ಲೆಕ್ಕದಲ್ಲಿ ಅವಕಾಶ ಕಲ್ಪಿಸುವುದು ಲೆಕ್ಕಪತ್ರ ಮಾನದಂಡ 29ರ ಅಪೇಕ್ಷೆ. ಹಿಂದಿನ ಅನುಭವದ ಆಧಾರದ ಮೇಲೆ ನಂಬಲರ್ಹವಾಗಿ ಅಂದಾಜಿಸಿದ ವಾರಂಟಿ ಮೊತ್ತವು ಆದಾಯ ತೆರಿಗೆಯಲ್ಲಿ ಕಳೆಯಲರ್ಹವೆಂದು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ತೀರ್ಪು ನೀಡಿದೆ. ಅನುಭವವೆಂದರೆ ಇಲ್ಲಿ ದಾಖಲೆ. ಜಾಬ್ ಕಾರ್ಡುಗಳಿಲ್ಲದ ಘಟಕಕ್ಕೆ ಆ ಲಾಭವಿಲ್ಲ. ತಯಾರಕರು ವಾರಂಟಿಯಲ್ಲಿ ಪ್ರತ್ಯೇಕ ಬೆಲೆ ಪಡೆಯದೆ ಬದಲಿಸಿಕೊಡುವ ಬಿಡಿಭಾಗಕ್ಕೆ ಮತ್ತೆ ಜಿ.ಎಸ್.ಟಿ. ಇಲ್ಲ, ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ ಸುತ್ತೋಲೆ ಸ್ಪಷ್ಟಪಡಿಸಿದೆ.

ಸೂಪರ್‌ಚಾರ್ಜ್ಡ್ ದೋಣಿ ಎಂಜಿನ್ ಎಲ್ಲ ಘಟಕಗಳಿಗೂ ಬರುವ ಕೆಲಸವಲ್ಲ. ಆದರೆ ಘಾಟಿ ಇಳಿದು ಹೋಗುವ ಜನರೇಟರಿಗೂ ಔಟ್‌ಬೋರ್ಡ್ ಮೋಟಾರಿಗೂ ಇದೇ ಗಾಳಿ, ಇದೇ ಲೆಕ್ಕ ಅನ್ವಯಿಸುತ್ತದೆ. ಎಂಜಿನ್ ಎಲ್ಲಿ ಕೆಲಸ ಮಾಡುವುದೆಂಬ ಪ್ರಶ್ನೆಯನ್ನು ಕೆಲಸ ಒಪ್ಪಿಕೊಳ್ಳುವ ದಿನವೇ ಕೇಳುವ ಉದ್ಯಮಿ ತನ್ನ ಹೆಸರನ್ನೂ ಹಣವನ್ನೂ ಉಳಿಸಿಕೊಳ್ಳುತ್ತಾನೆ.