ಬಂಡೆಯ ಕೈಯಲ್ಲಿ ತಕ್ಕಡಿ ಇಲ್ಲ

ಸಿರುಗುಪ್ಪದಿಂದ ಕೆಂಚನಗುಡ್ಡದತ್ತ ಹೊರಟವರಿಗೆ ಭತ್ತದ ಗದ್ದೆಗಳ ಜೊತೆಗೇ ತುಂಗಭದ್ರೆಯ ದಂಡೆಯ ಬಂಡೆಗಳೂ ಕಾಣಿಸುತ್ತವೆ. ಅತ್ತ ಕುರುಗೋಡಿನ ಬೆಟ್ಟಗಳು, ಇತ್ತ ಬಳ್ಳಾರಿ ನಗರದ ನಡುವೆ ಎದ್ದು ನಿಂತ ಕೋಟೆಗುಡ್ಡ. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲಿನೊಡನೆ ಸೆಣಸುವ ದೇಹಗಳಿಗೂ ಬರವಿರಲಿಲ್ಲ. ಗರಡಿಮನೆಯಲ್ಲಿ ಸಾಮು ಮಾಡಿ ಮೈ ಹುರಿಗೊಳಿಸಿದ ಪೈಲ್ವಾನರು ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸುವುದನ್ನು ಉತ್ತರ ಕರ್ನಾಟಕದ ಹಳ್ಳಿಗಳು ಇಂದಿಗೂ ಬೆರಗಿನಿಂದ ನೋಡುತ್ತವೆ. ಆದರೆ ಇಲ್ಲೊಂದು ಅಲಿಖಿತ ನಿಯಮವಿದೆ. ದಪ್ಪ ಮೈಯವನು ಕಲ್ಲನ್ನು ಎತ್ತಬೇಕು. ಕಲ್ಲನ್ನು ಏರುವುದು ಸಣಕಲು ಮೈಯವನ ಕೆಲಸ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರಿಗೆ ಜನ ‘ಕೋತಿರಾಜ’ ಎಂಬ ಹೆಸರಿಟ್ಟುದರ ಹಿಂದೆಯೂ ಇದೇ ಎಣಿಕೆ ಕೆಲಸ ಮಾಡಿರಬಹುದು. ಏರಬೇಕಾದರೆ ಕೋತಿಯಂತೆ ಹಗುರವಾಗಿರಬೇಕು!

ಈ ನಿಯಮ ಎಷ್ಟು ನಿಜ? ಶಿಲಾರೋಹಣವೆಂಬ ಕ್ರೀಡೆ ಕಳೆದ ನಾಲ್ಕು ದಶಕಗಳಲ್ಲಿ ಈ ಪ್ರಶ್ನೆಗೆ ಕುತೂಹಲಕರ ಉತ್ತರಗಳನ್ನು ನೀಡಿದೆ.

ಏರುವ ದಾರಿಯ ಕಷ್ಟವನ್ನು ಅಳೆಯಲು ಆರೋಹಿಗಳಲ್ಲಿ ಶ್ರೇಣಿಗಳಿವೆ. ಫ್ರೆಂಚ್ ಪದ್ಧತಿಯಲ್ಲಿ ಅಂಕಿ ಏರಿದಂತೆ ಕಷ್ಟವೂ ಏರುತ್ತದೆ. ಜೆಕ್ ದೇಶದ ಆಡಂ ಓಂಡ್ರಾ 2017ರಲ್ಲಿ ನಾರ್ವೆಯ ಗುಹೆಯೊಂದರಲ್ಲಿ ಏರಿದ ‘ಸೈಲೆನ್ಸ್’ ಎಂಬ ದಾರಿಗೆ 9ಸಿ ಎಂಬ ಶ್ರೇಣಿ ದೊರೆಯಿತು. ಅಲ್ಲಿಯವರೆಗೆ ಅಷ್ಟು ಕಠಿಣವಾದ ಶ್ರೇಣಿಯನ್ನು ಯಾವ ದಾರಿಗೂ ಕೊಟ್ಟಿರಲಿಲ್ಲ. ಈ ಎತ್ತರದ ಮಟ್ಟದಲ್ಲಿ ಹಗುರ ದೇಹದವರೇ ಹೆಚ್ಚು ಎಂಬುದು ಸತ್ಯ. ಆದರೆ ಎಲ್ಲರೂ ಹಾಗಿಲ್ಲ ಎಂಬುದೂ ಅಷ್ಟೇ ಸತ್ಯ.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಜಾನ್ ಡನ್ ಅವರನ್ನು ನೋಡಿದವರು ರಗ್ಬಿ ಆಟಗಾರನೆಂದು ಭಾವಿಸಿದ್ದರೆ ಅಚ್ಚರಿಯಿಲ್ಲ. ಅಂಥ ಭಾರಿ ಮೈಕಟ್ಟು ಅವರದು. ಅವರು 1987ರಲ್ಲಿ ‘ದಿ ನ್ಯೂ ಸ್ಟೇಟ್ಸ್‌ಮನ್’, 1989ರಲ್ಲಿ ‘ಪಾರ್ಥಿಯನ್ ಶಾಟ್’ ಎಂಬ ದಾರಿಗಳನ್ನು ಮೊದಲ ಬಾರಿಗೆ ಏರಿದರು. ಬಿದ್ದರೆ ಹಗ್ಗ ತಡೆದೀತೆಂಬ ಭರವಸೆಯೂ ಕಡಿಮೆಯಿದ್ದ ಆ ಮರಳುಗಲ್ಲಿನ ದಾರಿಗಳು ಅಂದಿನ ಬ್ರಿಟನ್ನಿನ ಅತಿ ಕಠಿಣ ಆರೋಹಣಗಳ ಸಾಲಿಗೆ ಸೇರಿದವು. ಜರ್ಮನಿಯ ಯಾನ್ ಹೋಯರ್ ಸ್ಪರ್ಧಿಗಳ ಸಾಲಿನಲ್ಲಿ ಎತ್ತರ, ತೂಕ ಎರಡರಲ್ಲೂ ಎದ್ದು ಕಾಣುತ್ತಿದ್ದವರು. 2010ರಲ್ಲಿ ಅವರು ಏರಿದ ‘ಆಕ್ಷನ್ ಡಿರೆಕ್ಟ್’ ಒಂದೊಂದೇ ಬೆರಳಿನ ಮೇಲೆ ಇಡೀ ದೇಹವನ್ನು ತೂಗುವಂತೆ ಮಾಡುವ ಕುಖ್ಯಾತ ದಾರಿ. 2014ರಲ್ಲಿ ಬೌಲ್ಡರಿಂಗ್ ವಿಶ್ವಕಪ್ ಸರಣಿಯನ್ನೂ ಅವರೇ ಗೆದ್ದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಹಂಪಿಗೆ ಹೋಗಬೇಕು. ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಗುಂಡುಗಳ ಮೇಲೆ ಏರಿದ ದೃಶ್ಯಗಳಿದ್ದ ‘ಪಿಲ್‌ಗ್ರಿಮೇಜ್’ ಚಿತ್ರ 2003ರಲ್ಲಿ ಹೊರಬಂದ ಮೇಲೆ, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ಬಂಡೆಗಳು ವಿದೇಶಿ ಆರೋಹಿಗಳ ಮಾತಿನಲ್ಲಿ ಸೇರಿಹೋದವು. ಆರಡಿ ಎತ್ತರದ, ಅಗಲ ಭುಜದ ಶರ್ಮಾ ‘ಕಡ್ಡಿಯಂಥ ಆರೋಹಿ’ಯ ಕಲ್ಪನೆಗೆ ಒಗ್ಗುವವರಲ್ಲ. ಆದರೂ 2001ರಲ್ಲಿ ಫ್ರಾನ್ಸಿನ ‘ರಿಯಲೈಸೇಷನ್’ ದಾರಿಯನ್ನು ಏರಿ ಕ್ರೀಡೆಯ ಮಿತಿಯನ್ನೇ ಮುಂದಕ್ಕೆ ತಳ್ಳಿದರು. 2023ರಲ್ಲಿ, 41ನೆಯ ವಯಸ್ಸಿನಲ್ಲಿ, ಸ್ಪೇನಿನಲ್ಲಿ 9ಬಿ+ ಶ್ರೇಣಿಯ ‘ಸ್ಲೀಪಿಂಗ್ ಲಯನ್’ ಏರಿದರು.

ಹಾಗಾದರೆ ತೂಕ ಲೆಕ್ಕಕ್ಕೇ ಇಲ್ಲವೇ? ಹಾಗೆನ್ನುವುದು ಆತ್ಮವಂಚನೆಯಾದೀತು. ‘ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ’ ಎಂಬ ನಮ್ಮ ಗಾದೆ ಸಮಾಧಾನದ ಮಾತು. ನಿಸರ್ಗದ ಲೆಕ್ಕ ಸ್ವಲ್ಪ ನಿಷ್ಠುರವಾದುದು. ದೇಹ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಬೆಳೆದರೆ ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ, ತೂಕ ಮಾತ್ರ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ. ಎತ್ತರ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು, ತೂಕ ಎಂಟು ಪಟ್ಟು! ಹೀಗಾಗಿ ಚಾವಣಿಯಂತೆ ಮುಂದಕ್ಕೆ ಬಾಗಿದ ಬಂಡೆಯಲ್ಲಿ, ಕಾಲಿಗೆ ಆಸರೆಯಿಲ್ಲದೆ ಬೆರಳುಗಳಿಂದ ಜೋತುಬೀಳುವಾಗ ಪ್ರತಿ ಕಿಲೋಗ್ರಾಂಗೂ ಬೆಲೆ ತೆರಬೇಕಾಗುತ್ತದೆ. ಭಾರದ ಆರೋಹಿಯ ಬೆರಳಿನ ಸ್ನಾಯುರಜ್ಜುಗಳ ಮೇಲೆ ಒತ್ತಡವೂ ಹೆಚ್ಚು. ಸ್ನಾಯು ಬಲಿತಷ್ಟು ಬೇಗ ರಜ್ಜು ಬಲಿಯದು. ಆದ್ದರಿಂದ ಅಂಥವರು ಅಭ್ಯಾಸದಲ್ಲಿ ಅವಸರಿಸುವಂತಿಲ್ಲ.

ಆದರೆ ಬಂಡೆಗಳೆಲ್ಲ ಮುಂದಕ್ಕೆ ಬಾಗಿದವೇ ಅಲ್ಲ. ಬಳ್ಳಾರಿ ಸೀಮೆಯ ಗ್ರಾನೈಟ್ ಬಂಡೆಗಳಲ್ಲಿ ಆನೆಯ ಬೆನ್ನಿನಂತೆ ಇಳಿಜಾರಾದವು ಬೇಕಾದಷ್ಟಿವೆ. ಅಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಪಾದವನ್ನು ಕಲ್ಲಿಗೆ ಒತ್ತಿ ಘರ್ಷಣೆಯನ್ನೇ ನಂಬಿ ನಡೆಯಬೇಕು. ಶಾಲೆಯ ಭೌತಶಾಸ್ತ್ರವನ್ನು ನೆನಪಿಸಿಕೊಳ್ಳಿ. ಜಾರಿಸುವ ಬಲ ತೂಕದೊಂದಿಗೆ ಹೆಚ್ಚುತ್ತದೆ, ತಡೆದು ನಿಲ್ಲಿಸುವ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಸಮೀಕರಣದ ಎರಡೂ ಬದಿಯಿಂದ ತೂಕ ಕಳೆದುಹೋಗಿ, ಬಂಡೆಯ ಓರೆ ಮತ್ತು ಪಾದಕ್ಕೂ ಕಲ್ಲಿಗೂ ಇರುವ ಘರ್ಷಣೆಯ ಗುಣಾಂಕ ಮಾತ್ರ ಉಳಿಯುತ್ತವೆ. ಐವತ್ತು ಕಿಲೋದವನು ಜಾರದ ಬಂಡೆಯಲ್ಲಿ ತೊಂಬತ್ತು ಕಿಲೋದವನೂ ಹೆಚ್ಚುಕಡಿಮೆ ಜಾರಲಾರ. ಪಾದವನ್ನು ಎಲ್ಲಿ, ಹೇಗೆ ಇಡಬೇಕೆಂಬ ತಿಳಿವಳಿಕೆ ಮತ್ತು ನಂಬಿಕೆ ಇದ್ದವನು ಮೇಲೇರುತ್ತಾನೆ. ಬಳ್ಳಾರಿಯ ಬಿಸಿಲಿಗೆ ಬೆವರಿದ ಕೈ ಮಾತ್ರ ಯಾರದಾದರೂ ಜಾರುತ್ತದೆ. ಹಂಪಿಗೆ ಬರುವ ಆರೋಹಿಗಳು ಚಳಿಗಾಲವನ್ನೇ ಆರಿಸಿಕೊಳ್ಳುವುದು ಅದಕ್ಕಾಗಿ.

ವಿಜ್ಞಾನಿಗಳೂ ಇದನ್ನು ಅಳೆದು ನೋಡಿದ್ದಾರೆ. 44 ಆರೋಹಿಗಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2000ದಲ್ಲಿ ಬ್ರಿಟಿಷ್ ಕ್ರೀಡಾ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಸಾಮರ್ಥ್ಯದ ವ್ಯತ್ಯಾಸದಲ್ಲಿ ಶೇ 58.9ರಷ್ಟನ್ನು ತರಬೇತಿಯಿಂದ ಬದಲಾಯಿಸಬಹುದಾದ ಅಂಶಗಳು ವಿವರಿಸಿದರೆ, ಎತ್ತರ, ತೂಕ, ಕೈಕಾಲುಗಳ ಉದ್ದದಂಥ ದೇಹದ ಅಳತೆಗಳು ವಿವರಿಸಿದ್ದು ಶೇ 0.3ರಷ್ಟನ್ನು ಮಾತ್ರ. ದೇಹದ ಕೊಬ್ಬಿನ ಪ್ರಮಾಣವನ್ನು ಅಧ್ಯಯನಕಾರರು ತರಬೇತಿಯ ಪಾಲಿಗೇ ಸೇರಿಸಿದ್ದರು ಎಂಬುದನ್ನು ಮರೆಯುವಂತಿಲ್ಲ. ಆದರೂ ಹುಟ್ಟಿನಿಂದ ಬಂದ ಆಕಾರವೇ ಹಣೆಬರಹವೆಂಬ ವಾದಕ್ಕೆ ಇಲ್ಲಿ ಆಧಾರ ಸಿಗದು.

ಇದೆಲ್ಲ ಕೆಲವೇ ಉತ್ಸಾಹಿಗಳ ಚರ್ಚೆ ಎಂದು ತಳ್ಳಿಹಾಕಬಹುದಿತ್ತು, ತಕ್ಕಡಿಯ ಮೇಲಿನ ಅತಿನಂಬಿಕೆ ಎಳೆಯ ದೇಹಗಳನ್ನು ಹಾಳುಗೆಡವದೆ ಇದ್ದಿದ್ದರೆ. ವ್ಯಯಿಸುವ ಶಕ್ತಿಗೆ ಸಾಲುವಷ್ಟು ಉಣ್ಣದೆ ಹೋದಾಗ ಕ್ರೀಡಾಪಟುಗಳ ಮೂಳೆ ಸವೆಯುತ್ತದೆ, ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತದೆ, ಹೃದಯಕ್ಕೂ ಘಾಸಿಯಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿಯೇ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸಿತ್ತು. ಅತಿ ಕೃಶರಾದ ಸ್ಪರ್ಧಿಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಆರೋಹಣ ಒಕ್ಕೂಟ ಕಣ್ಣು ಮುಚ್ಚಿಕೊಂಡಿದೆ ಎಂದು ಅಸಮಾಧಾನಗೊಂಡು ಅದರ ವೈದ್ಯಕೀಯ ಆಯೋಗದಲ್ಲಿದ್ದ ಫೋಲ್ಕರ್ ಶೆಫ್ಲ್ ಮತ್ತು ಓಯ್ಗೆನ್ ಬುರ್ಚರ್ 2023ರಲ್ಲಿ ಹೊರನಡೆದರು. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳ ಚಿನ್ನ ಗೆದ್ದಿರುವ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಕೂಡ ಅದೇ ವರ್ಷ ಬಹಿರಂಗವಾಗಿ ದನಿ ಎತ್ತಿದರು. 2024ರಲ್ಲಿ ಒಕ್ಕೂಟ ಹೊಸ ಆರೋಗ್ಯ ನೀತಿ ತಂದು ಸ್ಪರ್ಧಿಗಳಿಗೆ ಆರೋಗ್ಯ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಬೇಕಾಯಿತು.

ಕರ್ನಾಟಕದಲ್ಲಿ ಈ ಕ್ರೀಡೆ ಇನ್ನೂ ಬೆಳೆಯುತ್ತಿದೆ. ಬಾದಾಮಿಯ ಮರಳುಗಲ್ಲು, ಹಂಪಿಯ ಗುಂಡುಗಳು, ರಾಮನಗರ, ಸಾವನದುರ್ಗಗಳ ಬಂಡೆಗಳು ಆರೋಹಿಗಳಿಗೆ ಚಿರಪರಿಚಿತ. ಕೃತಕ ಗೋಡೆಗಳುಳ್ಳ ಜಿಮ್‌ಗಳು ಬೆಂಗಳೂರಿನ ಮಧ್ಯಮ ವರ್ಗದ ಮಕ್ಕಳನ್ನು ಸೆಳೆಯುತ್ತಿವೆ. ಹೊರಗಿನಿಂದ ಕ್ರೀಡೆಯನ್ನು ತರುವಾಗ ಅದರ ರೋಗವನ್ನೂ ಹೊತ್ತು ತರಬೇಕಿಲ್ಲ. ‘ಮೊದಲು ಹತ್ತು ಕಿಲೋ ಇಳಿಸಿಕೊಂಡು ಬಾ’ ಎಂದು ದಪ್ಪ ಹುಡುಗನನ್ನೋ ಹುಡುಗಿಯನ್ನೋ ಬಾಗಿಲಿನಿಂದಲೇ ಹಿಂದಿರುಗಿಸುವ ತರಬೇತುದಾರ ಒಬ್ಬ ಆರೋಹಿಯನ್ನು ಕಳೆದುಕೊಳ್ಳುತ್ತಾನೆ. ಜೊತೆಗೆ ಆ ಮಗುವಿಗೂ ಅದರ ದೇಹಕ್ಕೂ ನಡುವೆ ಜಗಳ ಹಚ್ಚುತ್ತಾನೆ. ಪಾದವಿಡುವ ಕ್ರಮ, ತೋಳಿನ ಬದಲು ಕಾಲಿನಿಂದ ಏರುವ ಜಾಣ್ಮೆ, ಬೆರಳಿಗೆ ನಿಧಾನವಾಗಿ ತುಂಬುವ ಬಲ, ಇವುಗಳನ್ನು ಮೊದಲು ಕಲಿಸಲಿ. ಕೆಳಗೆ ಹಗ್ಗ ಹಿಡಿಯುವವನು ಹಗುರನಾಗಿದ್ದು ಏರುವವನು ಭಾರವಾಗಿದ್ದರೆ ಕೆಳಗಿನವನೇ ಮೇಲಕ್ಕೆ ಚಿಮ್ಮುವ ಅಪಾಯವಿದೆ. ಅದಕ್ಕೂ ಹಗ್ಗದ ಓಟವನ್ನು ತಡೆಯುವ ಸಾಧನಗಳಿವೆ, ಕೆಳಗಿನವನನ್ನು ನೆಲಕ್ಕೆ ಬಿಗಿಯುವ ಕ್ರಮವಿದೆ. ಸಮಸ್ಯೆಗೆ ಪರಿಹಾರ ಹುಡುಕುವುದು ಸಾಧ್ಯವಿರುವಾಗ ಮನುಷ್ಯನನ್ನೇ ಹೊರಗಿಡುವುದು ಏಕೆ?

ದೇಹದ ಬಗೆಗಿನ ನಮ್ಮ ಎಣಿಕೆಗಳನ್ನು ಬಂಡೆ ಸುಳ್ಳು ಮಾಡಿದ್ದು ಇದೇ ಮೊದಲಲ್ಲ. ಪೋಲಿಯೊಗೆ ಕಾಲು ತುತ್ತಾದ ಬೆಂಗಳೂರಿನ ಮಣಿಕಂದನ್ ಕುಮಾರ್ 2012ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಪ್ಯಾರಾ ಆರೋಹಣ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ‘ಇಂಥ ದೇಹ ಏರಲಾರದು’ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಕೆಂಚನಗುಡ್ಡದ ಬಂಡೆಗಳು ತುಂಗಭದ್ರೆಯ ಎಷ್ಟೋ ನೆರೆಗಳನ್ನು ಕಂಡಿವೆ. ತಮ್ಮ ಮೇಲೆ ಕಾಲಿಟ್ಟವರ ತೂಕವನ್ನು ಅವು ಎಂದೂ ಕೇಳಿಲ್ಲ. ಕಾಲು ಸರಿಯಾಗಿ ಊರಿದವರನ್ನು ನಿಲ್ಲಿಸಿಕೊಂಡಿವೆ, ಊರದವರನ್ನು ಜಾರಿಸಿವೆ. ಸಂಗ್ರಾಣಿ ಕಲ್ಲನ್ನು ಎತ್ತಿದ ಸೀಮೆಯ ಮಕ್ಕಳು ನಾಳೆ ಆ ಬಂಡೆಯನ್ನು ಏರಬಯಸಿದರೆ ಅವರನ್ನು ತಡೆಯುವ ತಕ್ಕಡಿಯನ್ನು ನಾವು ಹಿಡಿದು ನಿಲ್ಲದಿರೋಣ.