ತಲೆ ಕಾಯುವ ಟೋಪಿ ನೋಡಲೂ ಚೆನ್ನಾಗಿರಲಿ



ವೈದ್ಯಕೀಯ ನೆರವು ನಿಧಿಯ ಮನವಿ ಎಂದರೆ ನಮಗೆ ಆಪರೇಷನ್, ಡಯಾಲಿಸಿಸ್, ಔಷಧಿ ಖರ್ಚು ಇವೇ ನೆನಪಾಗುತ್ತವೆ. ಈ ಸಲ ನಾನು ಒಂದು ಟೋಪಿಯ ವಿಷಯ ಬರೆಯುತ್ತಿದ್ದೇನೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ವೈದ್ಯನಲ್ಲ. ಮನೆಯಲ್ಲಿ ಅನುಭವಿಸಿದ್ದನ್ನೂ ಡಾಕ್ಟರರನ್ನು ಕೇಳಿ ತಿಳಿದುಕೊಂಡದ್ದನ್ನೂ ಮಾತ್ರ ಹೇಳುತ್ತೇನೆ.

ನನ್ನ ಅಕ್ಕನಿಗೆ 74 ವರ್ಷ, ಪಾರ್ಕಿನ್ಸನ್ ಕಾಯಿಲೆ. ನಮ್ಮ ಮನೆ ತಿರುವೊಟ್ಟಿಯೂರಿನ ತೇರಡಿಯ ಹತ್ತಿರ. ಸಂಜೆ ತ್ಯಾಗರಾಜಸ್ವಾಮಿ ಗುಡಿಗೆ ಹೋಗಿ ವಡಿವುಡೈ ಅಮ್ಮನಿಗೆ ಕೈಮುಗಿದು ಬರುವುದು ಅವಳ ರೂಢಿ. ಹೋದ ವರ್ಷ ಅಡುಗೆಮನೆಯಲ್ಲಿ ತಿರುಗುವಾಗ ಹಿಂದಕ್ಕೆ ಬಿದ್ದಳು. ತಲೆಗೆ ಆರು ಹೊಲಿಗೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ನಮ್ಮ ಪುಣ್ಯ. ಮನೆಗೆ ಬಂದ ಮೇಲೆ ನಾನು ನನ್ನ ಸ್ಕೂಟರ್ ಹೆಲ್ಮೆಟ್ ತಂದು ಅವಳ ಮುಂದಿಟ್ಟೆ. "ಏನೋ ಇದು, ಸ್ಕೂಟರ್ ಮೇಲೆ ಕೂತು ಸಾರು ಕುದಿಸಲೇನೋ?" ಎಂದಳು.

ಆಮೇಲೆ ಡಾಕ್ಟರ್ ಹೇಳಿದಂತೆ, ಕೃತಕ ಕಾಲು, ಬೆಲ್ಟು ಮಾಡಿಕೊಡುವವರ ಹತ್ತಿರ ಮೆತ್ತನೆಯ ಫೋಮ್ ಹೆಲ್ಮೆಟ್ ತೆಗೆದುಕೊಂಡೆವು. ಮನೆಯಲ್ಲಿ ಹಾಕಿಕೊಂಡಳು. ಆದರೆ ಗುಡಿಗೆ ಹೋಗುವುದನ್ನೇ ಬಿಟ್ಟಳು. "ಎಲ್ಲರೂ ನನ್ನ ತಲೇನೇ ನೋಡ್ತಾರೆ ಕಣೋ" ಎಂದು ಒಂದೇ ಮಾತು. ಟೋಪಿ ಸರಿಯಿತ್ತು, ಲೆಕ್ಕದಲ್ಲಿ ತಪ್ಪಿದ್ದು ನಾನು. ಹಾಕಿಕೊಳ್ಳದ ಟೋಪಿ ಎಷ್ಟು ಒಳ್ಳೆಯದಾದರೂ ಪೆಟ್ಟಿಗೆಯಲ್ಲಿಟ್ಟ ಔಷಧಿಯಂತೆ.

ಬೀಳುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರ ಇದಕ್ಕೇ ಎರಡನೆಯ ಸ್ಥಾನ. ಹೆಚ್ಚು ಸಾವು 60 ದಾಟಿದವರಲ್ಲಿ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಮಿದುಳಿನಿಂದ ಅದರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಬಿಗಿಯಾಗುತ್ತವೆ. ಆಗ ಸಣ್ಣ ಪೆಟ್ಟಿಗೂ ಅವು ಹರಿದು ನಿಧಾನವಾಗಿ ರಕ್ತ ಜಿನುಗಬಹುದು. ಕೆಲವೊಮ್ಮೆ ತೊಂದರೆ ಕಾಣುವುದು ವಾರಗಳ ನಂತರ.

ಮೆತ್ತನೆಯ ಟೋಪಿ ಏನು ಮಾಡುತ್ತದೆ? ಇದು ನಮಗೆ ಹೊಸದಲ್ಲ. ಹೊರೆ ಹೊರುವವರು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾರೆ. ಇಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರು ಅದನ್ನೇ ಸುಮ್ಮಾಡು ಎನ್ನುತ್ತಾರೆ. ಸಿಂಬಿ ಭಾರವನ್ನು ಒಂದೇ ಕಡೆ ಒತ್ತಲು ಬಿಡದೆ ಹರಡುತ್ತದೆ. ಟೋಪಿಯ ಫೋಮ್ ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ತಾನು ಕುಗ್ಗಿ, ತಲೆ ತಟ್ಟನೆ ನಿಲ್ಲುವ ಬದಲು ಸ್ವಲ್ಪ ತಡೆದು ನಿಲ್ಲುವಂತೆ ಮಾಡುತ್ತದೆ. ಪೆಟ್ಟಿನ ಜೋರು ಅಷ್ಟರಮಟ್ಟಿಗೆ ಕಡಿಮೆ.

ಹೊರದೇಶಗಳಲ್ಲಿ ಇಂಥವನ್ನು ಉಣ್ಣೆ ಟೋಪಿ, ಕ್ರಿಕೆಟ್ ಕ್ಯಾಪ್‌ನಂತೆಯೇ ಕಾಣುವ ಹಾಗೆ ಮಾಡುತ್ತಾರೆ. ಸ್ವಿಟ್ಜರ್ಲೆಂಡಿನ ರಿಬ್‌ಕ್ಯಾಪ್ ಅಂಥದ್ದು. ತರಿಸಿದರೆ ಹಲವು ಸಾವಿರ ರೂಪಾಯಿ. ಉಣ್ಣೆಯದಾದರೆ ಚೆನ್ನೈ ಸೆಖೆಗೆ ಒಗ್ಗುವುದಿಲ್ಲ. ನಾವು ಮಾಡಿದ್ದು ಇಷ್ಟೇ: ಅದೇ ಫೋಮ್ ಹೆಲ್ಮೆಟ್‌ಗೆ ಅಕ್ಕನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ತೆಳುವಾದ ಹೊದಿಕೆ ಹೊಲಿಸಿದೆವು. ಗಾಳಿಯ ರಂಧ್ರಗಳನ್ನು ಮುಚ್ಚಲಿಲ್ಲ. ತೆಗೆದು ಒಗೆಯಬಹುದು. ಹೊಲಿದವರಿಗೂ, ಟೋಪಿ ಕೊಟ್ಟವರಿಗೂ ತೋರಿಸಿ ಅಳತೆ ಬದಲಾಗಿಲ್ಲವೆಂದು ಖಚಿತ ಮಾಡಿಕೊಂಡೆವು. ಈಗ ಅದನ್ನು ಹಾಕಿಕೊಂಡೇ ಗುಡಿಗೆ ಹೋಗುತ್ತಾಳೆ. ಹೂ ಮಾರುವ ಹೆಂಗಸು ಎಲ್ಲಿ ಹೊಲಿಸಿದಿರಿ ಎಂದು ಕೇಳಿದಳಂತೆ.

ಕೊಳ್ಳುವವರು ಇವನ್ನು ನೋಡಿ:

1. ಹಣೆ, ಕಪೋಲದ ಮೇಲಿನ ಭಾಗ, ತಲೆಯ ಹಿಂಭಾಗ ಮೂರೂ ಮುಚ್ಚಬೇಕು. ಪಾರ್ಕಿನ್ಸನ್‌ನವರು ಹಿಂದಕ್ಕೂ ಬೀಳಬಹುದು.

2. ತಲೆ ಅಲ್ಲಾಡಿಸಿದರೆ ಜಾರಬಾರದು. ಗದ್ದದ ಪಟ್ಟಿ ಇದ್ದರೆ ಮಲಗುವಾಗ ಬಿಚ್ಚಿಡಿ.

3. ಯಾವ ಪೆಟ್ಟಿಗಾಗಿ ಪರೀಕ್ಷೆ ಆಗಿದೆ ಎಂದು ಕೇಳಿ. ಸ್ಕೂಟರ್ ಹೆಲ್ಮೆಟ್‌ಗೆ ಐಎಸ್ 4151 ಇದೆ, ಅದು ರಸ್ತೆಗೆ. ಇಎನ್ 812 ಎಂದು ಬರೆದಿರುವ ಕಾರ್ಖಾನೆ ಟೋಪಿ ತಲೆ ತಗುಲದಂತೆ ಕಾಯುವುದಕ್ಕೆ, ಬೀಳುವವರಿಗಲ್ಲ.

4. ಹಗುರವಾಗಿರಲಿ, ಬೆವರು ಆರಲಿ. ಹಾಕಿಕೊಳ್ಳುವವರೇ ಬಣ್ಣ ಆರಿಸಲಿ.

ಟೋಪಿ ಎಲ್ಲವನ್ನೂ ತಡೆಯುವುದಿಲ್ಲ. ಸೊಂಟದ ಮೂಳೆಯನ್ನು ಕಾಯುವುದಿಲ್ಲ, ಒಳಗಿನ ಮಿದುಳು ಅಲುಗುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬಚ್ಚಲಲ್ಲಿ ಹಿಡಿಕೆ, ರಾತ್ರಿ ದೀಪ, ಜಾರುವ ಕಾಲೊರಸು ತೆಗೆಯುವುದು ಇವೂ ಬೇಕು. ಟೋಪಿ ಇದ್ದರೂ ತಲೆಗೆ ಪೆಟ್ಟಾದ ಮೇಲೆ ವಾಂತಿ, ಹೆಚ್ಚುವ ತಲೆನೋವು, ಮಂಪರು, ಗಲಿಬಿಲಿ, ಒಂದು ಕಡೆ ಶಕ್ತಿ ಕುಂದುವುದು ಕಂಡರೆ ಕೂಡಲೇ 108 ಕರೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಏನೂ ಆಗಿಲ್ಲವೆನಿಸಿದರೂ ಆಸ್ಪತ್ರೆಗೆ ಹೋಗಬೇಕು.

ಈಗ ಮನವಿ. ನಮ್ಮ ಸದಸ್ಯ ಕುಟುಂಬವೊಂದರ ಹುಡುಗನಿಗೆ ಫಿಟ್ಸ್ ಬರುತ್ತದೆ. ಮುನ್ಸೂಚನೆಯಿಲ್ಲದೆ ಬೀಳುತ್ತಾನೆ. ಹೆಲ್ಮೆಟ್ ಕೊಡಿಸಿದ್ದರು, ಸಹಪಾಠಿಗಳು ನಗುತ್ತಾರೆಂದು ಬ್ಯಾಗಿನಲ್ಲಿ ಮುಚ್ಚಿಟ್ಟ. ಈ ತಿಂಗಳು ಎರಡು ಸಲ ಬಿದ್ದ. ಅವನಿಗೆ ಅಳತೆಗೆ ತಕ್ಕ, ಅವನೇ ಮೆಚ್ಚುವ ಟೋಪಿ ಬೇಕು. ಬೀಳುವ ಭಯದಿಂದ ಮನೆ ಬಿಟ್ಟು ಹೊರಡದ ಹಿರಿಯರೂ ನಮ್ಮ ನಡುವೆ ಇದ್ದಾರೆ. ನಿಧಿಯ ನಿಯಮದಲ್ಲಿ ಆಪರೇಷನ್‌ಗೆ ಹಣ ಉಂಟು, ಇಂಥ ಸಾಧನಕ್ಕೆ ಇಲ್ಲ. ಬಿದ್ದ ಮೇಲೆ ಕೊಡುವ ಹಣದ ಒಂದು ಸಣ್ಣ ಪಾಲು ಬೀಳುವ ಮುಂಚೆ ಕೊಟ್ಟರೆ ನಮಗೂ ಉಳಿತಾಯ, ಅವರಿಗೂ ಜೀವ. ಕಾರ್ಯಕಾರಿ ಸಮಿತಿ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಚೆಕ್ ಕೊಡುವವರು ಸಂಘದ ಹೆಸರಿಗೆ ಬರೆದು, ಹಿಂದೆ 'ತಲೆ ರಕ್ಷಣೆ' ಎಂದು ನಮೂದಿಸಿ, ರಸೀದಿ ತಪ್ಪದೆ ಪಡೆಯಿರಿ. ಹಣ ಕೊಡಲಾಗದವರು ಹೊದಿಕೆ ಹೊಲಿದುಕೊಡಬಹುದು, ಹಳೆಯ ಸೀರೆ ಕೊಡಬಹುದು. ಮನೆಯಲ್ಲಿ ಬೀಳುವವರಿದ್ದರೆ ಸಂಕೋಚವಿಲ್ಲದೆ ಕಾರ್ಯದರ್ಶಿಗಳಿಗೆ ತಿಳಿಸಿ.

ನಮಸ್ಕಾರಗಳೊಂದಿಗೆ,
ತಿರುವೊಟ್ಟಿಯೂರಿನ ನಿಮ್ಮ ಹಿರಿಯ ಸದಸ್ಯ